ಕಂಡರೂ ಪ್ರಮಾಣಿಸಿ ನೋಡು: ಕರುಳಿನ ಪಾಲಿಪ್ ಮತ್ತು ವೈದ್ಯರ ಕಣ್ಣು



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಒಬ್ಬ ಶಾಲಾ ಶಿಕ್ಷಕಿ. ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು, ವಿಷಯ ವೈದ್ಯಕೀಯದ್ದಾಗಿರಬೇಕು, ಹೇಳುವುದು ಕನ್ನಡದಲ್ಲಿರಬೇಕು. ಅವರು ಹಾಕಿದ ಷರತ್ತು ಇಷ್ಟೇ. ಆ ತಾಯಿಯನ್ನು ನೆನೆದು ನನ್ನ ಕಸುಬಿನ ಒಂದು ಚಿಕ್ಕ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ.

ಕೊಲೊನೋಸ್ಕೋಪಿ ಮುಗಿದು ಮಂಪರು ಇಳಿದ ಮೇಲೆ ರೋಗಿ ಮೊದಲು ಕೇಳುವುದು ಒಂದೇ ಮಾತು: "ಸಾರ್, ಒಳಗೆ ಏನಾದ್ರೂ ಕಾಣಿಸ್ತಾ?" "ಒಂದು ಸಣ್ಣ ಪಾಲಿಪ್ ಇತ್ತು, ತೆಗೆದಿದ್ದೀವಿ, ರಿಪೋರ್ಟ್ ಬರಲಿ" ಅನ್ನುತ್ತೇನೆ. ರಿಪೋರ್ಟ್ ಬರುವವರೆಗೆ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ದೂರದ ಹಳ್ಳಿಯವರಾದರೆ ಅದನ್ನು ಪಡೆಯಲು ಇನ್ನೊಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಮತ್ತೆ ಬರಬೇಕು. ಹೀಗೆ ಕೇಳಿದವರೊಬ್ಬರು ಒಮ್ಮೆ ಮುಂದುವರಿದು ಅಂದರು: "ನೀವೇ ಕಣ್ಣಾರೆ ನೋಡಿದೀರಲ್ಲ, ಅದು ಏನಂತ ಈಗಲೇ ಹೇಳಬಾರದಾ?"

ಅವರ ಪ್ರಶ್ನೆ ನ್ಯಾಯವಾದದ್ದು. ಕರುಳಿನೊಳಗಿನ ಗಂಟನ್ನು ಪರದೆಯ ಮೇಲೆ ನೋಡುತ್ತಿರುವಾಗಲೇ ಅದು ಯಾವ ಜಾತಿಯದು ಎಂದು ನಿರ್ಧರಿಸುವುದಕ್ಕೆ ನಮ್ಮಲ್ಲಿ 'ಆಪ್ಟಿಕಲ್ ಡಯಾಗ್ನೋಸಿಸ್' ಎನ್ನುತ್ತಾರೆ. ನಾನು ಇಂದು 'ಕಣ್ಣಿನ ನಿರ್ಣಯ' ಎಂದು ಕರೆಯುತ್ತೇನೆ. ಈ ನಿರ್ಣಯ ಎಷ್ಟು ನಿಖರ, ಯಾವಾಗ ಅದನ್ನು ನಂಬಬಹುದು ಎಂಬುದು ಇಂದಿನ ವಿಷಯ.

ಗಂಟಿನ ಜಾತಿ

ದೊಡ್ಡ ಕರುಳಿನ ಒಳಪದರದಿಂದ ಎದ್ದುನಿಂತ ಬೆಳವಣಿಗೆಗೆ ಪಾಲಿಪ್ ಎಂದು ಹೆಸರು. ಕೆಲವಕ್ಕೆ ಅಣಬೆಯಂತೆ ತೊಟ್ಟು ಇರುತ್ತದೆ, ಕೆಲವು ಚರ್ಮದ ಗುಳ್ಳೆಯಂತೆ ಅಂಟಿಕೊಂಡಿರುತ್ತವೆ, ಇನ್ನು ಕೆಲವು ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ. ಇವುಗಳಲ್ಲಿ ನಾವು ಮುಖ್ಯವಾಗಿ ಬೇರ್ಪಡಿಸಬೇಕಾದ ಜಾತಿಗಳು ಎರಡು. ಹೈಪರ್‌ಪ್ಲಾಸ್ಟಿಕ್ ಪಾಲಿಪ್ ಹೆಚ್ಚಾಗಿ ಗುದನಾಳದಲ್ಲಿ ಮತ್ತು ಅದರ ಮೇಲಿನ ಸಿಗ್ಮಾಯ್ಡ್ ಭಾಗದಲ್ಲಿ ಕಾಣುತ್ತದೆ. ಅಲ್ಲಿ ಅದು ಸಣ್ಣದಾಗಿದ್ದರೆ ತೊಂದರೆ ಕೊಡುವುದಿಲ್ಲ. ಅಡಿನೋಮಾ ಹಾಗಲ್ಲ. ಅದರ ಕೋಶಗಳಲ್ಲಿ ಆಗಲೇ ಬದಲಾವಣೆ ಶುರುವಾಗಿರುತ್ತದೆ. ಎಲ್ಲ ಅಡಿನೋಮಾಗಳೂ ಕ್ಯಾನ್ಸರ್ ಆಗುವುದಿಲ್ಲ, ಆದರೆ ಕರುಳಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಹುಟ್ಟುವುದು ಅಡಿನೋಮಾದಿಂದಲೇ. ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಆ ದೀರ್ಘ ಅವಧಿಯೇ ವೈದ್ಯರಿಗೆ ಸಿಕ್ಕ ಅವಕಾಶ.

1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಕೊಲೊನೋಸ್ಕೋಪಿನ ಮೂಲಕ ತಂತಿಯ ಕುಣಿಕೆ ಹಾಕಿ ಪಾಲಿಪ್ ತೆಗೆಯುವ ವಿಧಾನವನ್ನು ಆರಂಭಿಸಿದರು. ಅದಕ್ಕೆ ಮುಂಚೆ ಕರುಳಿನ ಮೇಲ್ಭಾಗದ ಪಾಲಿಪ್ ತೆಗೆಯಲು ಹೊಟ್ಟೆ ಕೊಯ್ಯಬೇಕಾಗಿತ್ತು. 1993ರಲ್ಲಿ ಅಮೆರಿಕದ ನ್ಯಾಷನಲ್ ಪಾಲಿಪ್ ಸ್ಟಡಿಯ ಫಲಿತಾಂಶ ಬಂತು. ಅಡಿನೋಮಾ ತೆಗೆಸಿಕೊಂಡ 1418 ಜನರನ್ನು ಸರಾಸರಿ ಆರು ವರ್ಷದಷ್ಟು ಕಾಲ ಗಮನಿಸಿದಾಗ, ಅವರಲ್ಲಿ ಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ ಶೇ. 76ರಿಂದ 90ರಷ್ಟು ಕಡಿಮೆ ಕಂಡುಬಂದಿತ್ತು. 2012ರಲ್ಲಿ ಅದೇ ಅಧ್ಯಯನದ ಮುಂದುವರಿಕೆ ಸಾವಿನ ಪ್ರಮಾಣವೂ ಶೇ. 53ರಷ್ಟು ಇಳಿದದ್ದನ್ನು ತೋರಿಸಿತು. ಗಂಟು ತೆಗೆದರೆ ಜೀವ ಉಳಿಯುತ್ತದೆ ಎಂಬುದು ಹೀಗೆ ಗಟ್ಟಿಯಾಯಿತು.

ಅಂದಿನಿಂದ ನಡೆದುಬಂದ ರೂಢಿ ಸರಳವಾದದ್ದು. ಕಂಡದ್ದನ್ನೆಲ್ಲ ತೆಗೆ, ಫಾರ್ಮಲಿನ್ ಬಾಟಲಿಗೆ ಹಾಕು, ಲ್ಯಾಬಿಗೆ ಕಳಿಸು. ಅಲ್ಲಿ ಮೇಣದಲ್ಲಿ ಕೂರಿಸಿ, ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆದರೆ ನಮಗೆ ಸಿಗುವ ಪಾಲಿಪ್‌ಗಳಲ್ಲಿ ಹೆಚ್ಚಿನವು 5 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕವು, ಒಂದು ತೊಗರಿಕಾಳಿನಷ್ಟು. ಅಷ್ಟು ಚಿಕ್ಕದರಲ್ಲಿ ಕ್ಯಾನ್ಸರ್ ಅಡಗಿರುವುದು ಬಹಳ ಅಪರೂಪ. ಇವೆಲ್ಲಕ್ಕೂ ಬಾಟಲಿ, ಲ್ಯಾಬು, ಖರ್ಚು, ವಾರದ ಕಾಯುವಿಕೆ ಬೇಕೇ? ಕಣ್ಣಿನ ನಿರ್ಣಯದ ಮಾತು ಹುಟ್ಟಿದ್ದು ಇಲ್ಲಿಂದ.

ನೀಲಿಯೂ ಹಸಿರೂ

ಬಿಳಿ ಬೆಳಕಿನಲ್ಲಿ ಎರಡು ಜಾತಿಯೂ ಒಂದೇ ಥರ ಗುಲಾಬಿ ಬಣ್ಣದ ಗುಳ್ಳೆಗಳು. ಅವುಗಳ ಮೇಲ್ಮೈಯನ್ನು ಅಕ್ಷರದಂತೆ ಓದಬಹುದು ಎಂದು ತೋರಿಸಿದವರು ಜಪಾನಿನ ಶಿನ್-ಎಯ್ ಕುಡೊ. ಇಂಡಿಗೊ ಕಾರ್ಮೈನ್ ಎಂಬ ನೀಲಿ ಬಣ್ಣವನ್ನು ಪಾಲಿಪ್ ಮೇಲೆ ಚಿಮುಕಿಸಿ, ದೊಡ್ಡದು ಮಾಡಿ ತೋರಿಸುವ ಸ್ಕೋಪಿನಲ್ಲಿ ನೋಡಿದರೆ ಗ್ರಂಥಿಗಳ ಬಾಯಿ ಸಣ್ಣ ಸಣ್ಣ ಗುಳಿಗಳಾಗಿ ಕಾಣುತ್ತವೆ. ಗುಂಡಗಿನ, ನಕ್ಷತ್ರದಂಥ ಗುಳಿಗಳಾದರೆ ಒಂದು ಜಾತಿ. ಕೊಳವೆಯಂತೆ ಉದ್ದವಾಗಿ, ಕವಲೊಡೆದು ಹರಡಿದರೆ ಇನ್ನೊಂದು. ವಿನ್ಯಾಸವೇ ಕೆಟ್ಟು ಹೋಗಿದ್ದರೆ ಕ್ಯಾನ್ಸರ್ ಸಂಶಯ. 1990ರ ದಶಕದಲ್ಲಿ ಅವರು ಮಾಡಿದ ಈ ವಿಂಗಡಣೆಯನ್ನು ಇಂದಿಗೂ ಓದುತ್ತೇವೆ.

ಬಣ್ಣ ಚಿಮುಕಿಸುವುದಕ್ಕೆ ಸಮಯ ಬೇಕು, ತಾಳ್ಮೆ ಬೇಕು. ಅದೇ ಕೆಲಸವನ್ನು ಬೆಳಕಿನಿಂದಲೇ ಮಾಡಬಹುದು ಎಂಬ ಹೊಳಹಿನಿಂದ ಬಂದದ್ದು ನ್ಯಾರೋ ಬ್ಯಾಂಡ್ ಇಮೇಜಿಂಗ್. ಜಪಾನಿನ ವೈದ್ಯರೂ ಒಲಿಂಪಸ್ ಕಂಪನಿಯ ಎಂಜಿನಿಯರುಗಳೂ ಸೇರಿ ರೂಪಿಸಿದ ಈ ತಂತ್ರ 2000ದ ದಶಕದ ಮಧ್ಯಭಾಗದಲ್ಲಿ ಆಸ್ಪತ್ರೆಗಳಿಗೆ ಬಂತು. ಇದರಲ್ಲಿ ಬಿಳಿ ಬೆಳಕನ್ನು ಸೋಸಿ ಎರಡೇ ಪಟ್ಟಿಗಳನ್ನು ಒಳಕ್ಕೆ ಬಿಡುತ್ತಾರೆ: 415 ನ್ಯಾನೊಮೀಟರ್ ಆಸುಪಾಸಿನ ನೀಲಿ, 540 ಆಸುಪಾಸಿನ ಹಸಿರು. ಈ ಎರಡನ್ನೂ ರಕ್ತದ ಹಿಮೋಗ್ಲೋಬಿನ್ ಚೆನ್ನಾಗಿ ಹೀರಿಕೊಳ್ಳುತ್ತದೆ. ನೀಲಿ ಬೆಳಕು ಆಳಕ್ಕೆ ಇಳಿಯುವುದಿಲ್ಲ. ಮೇಲ್ಪದರದ ಕೂದಲೆಳೆಯಂಥ ರಕ್ತನಾಳಗಳು ಅದನ್ನು ಹೀರಿಕೊಂಡು ಪರದೆಯ ಮೇಲೆ ಕಂದು ಗೆರೆಗಳಾಗಿ ಮೂಡುತ್ತವೆ. ಹೊಸ ಕೋಶಗಳನ್ನು ಬೆಳೆಸುವ ಅಡಿನೋಮಾ ತನಗೆ ಬೇಕಾದ ರಕ್ತನಾಳಗಳನ್ನೂ ಬೆಳೆಸಿಕೊಳ್ಳುತ್ತದೆ. ಹೀಗಾಗಿ ಸುತ್ತಲಿನ ಕರುಳಿಗಿಂತ ಅದು ಕಂದಾಗಿ ಕಾಣುತ್ತದೆ.

ಓದುವ ನಿಯಮಗಳನ್ನು ನೈಸ್ ಎಂಬ ಅಂತರರಾಷ್ಟ್ರೀಯ ವರ್ಗೀಕರಣ ಮೂರು ಪ್ರಶ್ನೆಗಳಿಗೆ ಇಳಿಸಿತು. ಬಣ್ಣ ಸುತ್ತಲಿಗಿಂತ ಕಂದೇ? ರಕ್ತನಾಳಗಳು ಹೇಗಿವೆ? ಮೇಲ್ಮೈಯ ವಿನ್ಯಾಸ ಹೇಗಿದೆ? ಬಣ್ಣ ಸುತ್ತಲಿನಂತೆಯೇ ಅಥವಾ ಇನ್ನೂ ತಿಳಿಯಾಗಿದ್ದು, ನಾಳಗಳು ಕಾಣದೆ, ಒಂದೇ ಅಳತೆಯ ಚುಕ್ಕೆಗಳಿದ್ದರೆ ಒಂದನೆಯ ವರ್ಗ, ಹೈಪರ್‌ಪ್ಲಾಸ್ಟಿಕ್. ಕಂದು ನಾಳಗಳು ಬಿಳಿಯ ಕೊಳವೆಯಾಕಾರದ ರಚನೆಗಳನ್ನು ಸುತ್ತಿಕೊಂಡಿದ್ದರೆ ಎರಡನೆಯದು, ಅಡಿನೋಮಾ. ಗಾಢ ಕಂದು, ತುಂಡುತುಂಡಾದ ನಾಳಗಳು, ವಿನ್ಯಾಸವಿಲ್ಲದ ಮೇಲ್ಮೈ ಇದ್ದರೆ ಮೂರನೆಯದು, ಆಳಕ್ಕಿಳಿದ ಕ್ಯಾನ್ಸರ್. ಮೂರನೆಯದನ್ನು ಕುಣಿಕೆಯಿಂದ ತೆಗೆಯಲು ಹೋಗಬಾರದು, ಸರ್ಜನ್ ಹತ್ತಿರ ಕಳಿಸಬೇಕು.

ಒರೆಗಲ್ಲಿಗೆ ಹಚ್ಚಿದಾಗ

ನುರಿತ ಅಕ್ಕಸಾಲಿಗೆ ಚಿನ್ನದ ಬಣ್ಣ ನೋಡಿದರೇ ಅಂದಾಜು ಸಿಗುತ್ತದೆ. ಆದರೂ ಒರೆಗಲ್ಲಿಗೆ ಉಜ್ಜದೆ ಬೆಲೆ ಹೇಳುವುದಿಲ್ಲ. ನಮಗೆ ಲ್ಯಾಬಿನ ರಿಪೋರ್ಟೇ ಒರೆಗಲ್ಲು. ಅದನ್ನು ಬಿಡಬೇಕಾದರೆ ಕಣ್ಣು ಎಷ್ಟು ಸರಿಯಾಗಿರಬೇಕು? ಅಮೆರಿಕದ ಎಂಡೋಸ್ಕೋಪಿ ಸಂಘ 2011ರಲ್ಲಿ ಎರಡು ಗೆರೆಗಳನ್ನು ಎಳೆಯಿತು. 5 ಮಿಲಿಮೀಟರ್ ಒಳಗಿನ ಪಾಲಿಪನ್ನು ತೆಗೆದು, ಲ್ಯಾಬಿಗೆ ಕಳಿಸದೆ ಎಸೆಯಬೇಕಾದರೆ, ಮುಂದಿನ ಪರೀಕ್ಷೆ ಎಷ್ಟು ವರ್ಷಕ್ಕೆ ಎಂಬ ತೀರ್ಮಾನ ಲ್ಯಾಬಿನ ಆಧಾರದ ತೀರ್ಮಾನಕ್ಕೆ ಕನಿಷ್ಠ ಶೇ. 90ರಷ್ಟು ಹೊಂದಬೇಕು. ಗುದನಾಳ ಮತ್ತು ಸಿಗ್ಮಾಯ್ಡಿನ ಸಣ್ಣ ಹೈಪರ್‌ಪ್ಲಾಸ್ಟಿಕ್ ಪಾಲಿಪನ್ನು ತೆಗೆಯದೆಯೇ ಬಿಡಬೇಕಾದರೆ, 'ಇದು ಅಡಿನೋಮಾ ಅಲ್ಲ' ಎಂಬ ಮಾತು ನೂರಕ್ಕೆ ತೊಂಬತ್ತು ಸಲವಾದರೂ ನಿಜವಾಗಿರಬೇಕು.

ಆರಂಭದ ಫಲಿತಾಂಶಗಳು ಉತ್ಸಾಹ ಹುಟ್ಟಿಸುವಂತಿದ್ದವು. ಕರುಳಿನ ಕಾಯಿಲೆಗಳಿಗೇ ಮೀಸಲಾದ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಿಂದ 2009ರಲ್ಲಿ 'ಡಿಸ್ಕಾರ್ಡ್' ಅಧ್ಯಯನ ಬಂತು. 130 ರೋಗಿಗಳ ಸಣ್ಣ ಪಾಲಿಪ್‌ಗಳಲ್ಲಿ ಕಣ್ಣಿನ ನಿರ್ಣಯ ಶೇ. 93ರಷ್ಟು ಸರಿಯಾಗಿತ್ತು. ನಾವೆಲ್ಲ ಆ ಲೇಖನವನ್ನು ಕೈಯಿಂದ ಕೈಗೆ ದಾಟಿಸಿ ಓದಿದ್ದೆವು.

ಮುಂದಿನ ಪ್ರಶ್ನೆ, ಈ ಕಣ್ಣು ಎಲ್ಲರಿಗೂ ಬರುತ್ತದೆಯೇ ಎಂಬುದು. 2013ರಲ್ಲಿ ಅಮೆರಿಕದಲ್ಲಿ, ದೊಡ್ಡ ಸಂಶೋಧನಾ ಕೇಂದ್ರಗಳ ಹೊರಗೆ ದಿನನಿತ್ಯದ ವೃತ್ತಿ ನಡೆಸುವ 13 ತಜ್ಞರಿಗೆ ತರಬೇತಿ ಕೊಟ್ಟು ನೋಡಿದರು. ಚಿತ್ರ ತೋರಿಸಿ ಕೇಳಿದ ಪರೀಕ್ಷೆಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಶೇ. 90 ದಾಟಿದರು. ನಿಜವಾದ ರೋಗಿಯ ಕರುಳಿನೊಳಗೆ ಅದೇ ಮಟ್ಟ ಮುಟ್ಟಿದವರು ನಾಲ್ವರಲ್ಲಿ ಒಬ್ಬರು ಮಾತ್ರ. 2017ರಲ್ಲಿ ಈಶಾನ್ಯ ಇಂಗ್ಲೆಂಡಿನ ಆರು ಸಾಮಾನ್ಯ ಆಸ್ಪತ್ರೆಗಳ 'ಡಿಸ್ಕಾರ್ಡ್ 2' ಪ್ರಕಟವಾಯಿತು. 1688 ರೋಗಿಗಳನ್ನು ಒಳಗೊಂಡಿದ್ದ ಆ ಅಧ್ಯಯನ, ದಿನನಿತ್ಯದ ಚಿಕಿತ್ಸೆಯಲ್ಲಿ ಇದನ್ನು ಸದ್ಯಕ್ಕೆ ಶಿಫಾರಸು ಮಾಡಲಾಗದು ಎಂದು ತೀರ್ಮಾನಿಸಿತು.

ಲಂಡನ್ನಿನಲ್ಲಿ ಬಳಸಿದ ತಂತ್ರವೇ ಅಲ್ಲಿಯೂ ಇತ್ತು. ಬದಲಾದದ್ದು ಸನ್ನಿವೇಶ. ಚಿತ್ರದಲ್ಲಿರುವ ಪಾಲಿಪ್ ಅಲುಗಾಡುವುದಿಲ್ಲ. ಕರುಳು ಉಸಿರಾಟದೊಂದಿಗೆ ಸರಿಯುತ್ತದೆ, ಮಡಿಕೆಯ ಹಿಂದೆ ಪಾಲಿಪ್ ಮರೆಯಾಗುತ್ತದೆ, ಲೆನ್ಸಿನ ಮೇಲೆ ನೀರು ಕೂರುತ್ತದೆ, ಹೊಟ್ಟೆ ಪೂರ್ತಿ ಸ್ವಚ್ಛವಾಗಿರುವುದಿಲ್ಲ, ಹೊರಗೆ ಇನ್ನೂ ಆರು ಜನ ಉಪವಾಸ ಕಾದಿರುತ್ತಾರೆ. ಗಾತ್ರದ ಅಂದಾಜೂ ತಪ್ಪುತ್ತದೆ. 7 ಮಿಲಿಮೀಟರಿನದನ್ನು 5 ಎಂದು ಭಾವಿಸಿದರೆ ಇಡೀ ನಿಯಮವೇ ತಪ್ಪು ಪಾಲಿಪಿಗೆ ಅನ್ವಯವಾಗುತ್ತದೆ. ಅದಕ್ಕೇ ಫೋರ್ಸೆಪ್ಸನ್ನೋ ಕುಣಿಕೆಯನ್ನೋ ಪಕ್ಕಕ್ಕೆ ಹಿಡಿದು ಅಳೆಯಿರಿ ಎಂದು ಕಿರಿಯರಿಗೆ ಹೇಳುತ್ತಿರುತ್ತೇನೆ.

ಶೇಕಡಾವಾರಿನ ಒಳಲೆಕ್ಕ

'ಶೇ. 90 ನಿಖರ' ಎಂದರೆ ಎಲ್ಲ ಕಡೆ ಒಂದೇ ಅರ್ಥವಲ್ಲ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಬರೆದುಕೊಳ್ಳಬೇಕು. ಒಬ್ಬ ವೈದ್ಯರ ಕಣ್ಣು ನೂರು ಅಡಿನೋಮಾಗಳಲ್ಲಿ 90ನ್ನು ಸರಿಯಾಗಿ ಗುರುತಿಸುತ್ತದೆ, ಅಡಿನೋಮಾ ಅಲ್ಲದ ನೂರರಲ್ಲಿ 80ನ್ನು ಸರಿಯಾಗಿ ಹೇಳುತ್ತದೆ ಎಂದು ಇಟ್ಟುಕೊಳ್ಳೋಣ.

ಮೊದಲು ಗುದನಾಳ ಮತ್ತು ಸಿಗ್ಮಾಯ್ಡ್. ಅಲ್ಲಿ ನೂರು ಸಣ್ಣ ಪಾಲಿಪ್‌ಗಳಲ್ಲಿ 70 ಹೈಪರ್‌ಪ್ಲಾಸ್ಟಿಕ್, 30 ಅಡಿನೋಮಾ ಇವೆ ಎನ್ನೋಣ. ಹೈಪರ್‌ಪ್ಲಾಸ್ಟಿಕ್ 70ರಲ್ಲಿ 56 ಸರಿಯಾಗಿ ಗುರುತಾಗುತ್ತವೆ. ಅಡಿನೋಮಾ 30ರಲ್ಲಿ 3 ತಪ್ಪಿ ಅದೇ ಗುಂಪಿಗೆ ಬೀಳುತ್ತವೆ. ಒಟ್ಟು 59 ಸಲ 'ಇದು ಅಡಿನೋಮಾ ಅಲ್ಲ' ಅಂದರೆ 56 ಸಲ ಸರಿ. ಸುಮಾರು ಶೇ. 95.

ಈಗ ಬಲಭಾಗದ ಕರುಳು. ಅಲ್ಲಿ ನೂರರಲ್ಲಿ 80 ಅಡಿನೋಮಾ, 20 ಹೈಪರ್‌ಪ್ಲಾಸ್ಟಿಕ್ ಎನ್ನೋಣ. ವೈದ್ಯರು ಅವರೇ, ಕಣ್ಣೂ ಅದೇ. ಇಪ್ಪತ್ತರಲ್ಲಿ 16 ಸರಿಯಾಗಿ ಗುರುತಾಗುತ್ತವೆ, 80ರಲ್ಲಿ 8 ತಪ್ಪಿ ಇವುಗಳ ಜೊತೆ ಸೇರುತ್ತವೆ. 24 ಸಲ 'ಅಲ್ಲ' ಅಂದರೆ 16 ಸಲ ಮಾತ್ರ ಸರಿ. ಮೂರು ಸಲ ಹೇಳಿದರೆ ಒಂದು ಸಲ ತಪ್ಪು!

ಪಾಲಿಪನ್ನು ತೆಗೆಯದೆ ಬಿಡುವ ಅನುಮತಿ ಗುದನಾಳ ಮತ್ತು ಸಿಗ್ಮಾಯ್ಡಿಗೆ ಮಾತ್ರ ಏಕೆ ಎಂಬುದು ಈ ಲೆಕ್ಕದಲ್ಲಿದೆ. ನೆರೆಹೊರೆಯಲ್ಲಿ ಯಾರು ಹೆಚ್ಚಿದ್ದಾರೆ ಎಂಬುದರ ಮೇಲೆ ನಮ್ಮ ಮಾತಿನ ಬೆಲೆ ಏರಿಳಿಯುತ್ತದೆ. ಯುರೋಪಿನ ಎಂಡೋಸ್ಕೋಪಿ ಸಂಘ 2022ರಲ್ಲಿ ಹೊಸ ಮಾನದಂಡ ಕೊಡುವಾಗ ನೇರವಾಗಿ ವೈದ್ಯರ ಸಾಮರ್ಥ್ಯವನ್ನೇ ಅಳೆಯಲು ಹೇಳಿತು. ತೆಗೆಯದೆ ಬಿಡುವವರು 100 ಅಡಿನೋಮಾಗಳಲ್ಲಿ ಕನಿಷ್ಠ 90ನ್ನು ಹಿಡಿಯಬೇಕು, ಅಲ್ಲದ್ದರಲ್ಲಿ ಕನಿಷ್ಠ 80ನ್ನು ಸರಿಯಾಗಿ ಹೇಳಬೇಕು. ತೆಗೆದು ಎಸೆಯುವವರಿಗೆ ಎರಡೂ 80 ಇದ್ದರೆ ಸಾಕು. ತೆಗೆದ ಮೇಲೆ ಅಪಾಯ ಹೊರಗೆ ಬಂದಿರುತ್ತದೆ, ಉಳಿಯುವುದು ಮುಂದಿನ ತಪಾಸಣೆಯ ದಿನದ ಪ್ರಶ್ನೆ ಮಾತ್ರ. ಒಂದೆರಡು ಸಣ್ಣ ಅಡಿನೋಮಾ ಇದ್ದವರು ಮತ್ತೆ ಬರಬೇಕಾದದ್ದು 7ರಿಂದ 10 ವರ್ಷಕ್ಕೆ ಎಂದು ಅಮೆರಿಕದ 2020ರ ನಿಯಮವೂ ಹೇಳಿದೆ. ಹಾಗಾಗಿ ಅಲ್ಲಿ ತಪ್ಪಿಗೆ ತೆರಬೇಕಾದ ಬೆಲೆ ಕಡಿಮೆ.

ನಾನು ಕಲಿತ ಪಾಠ

ಹಲವು ವರ್ಷಗಳ ಹಿಂದೆ ಬಲಭಾಗದ ಕರುಳಿನಲ್ಲಿ ಒಂದು ಚಪ್ಪಟೆ ಪಾಲಿಪ್ ನೋಡಿದೆ. ಬಣ್ಣ ತಿಳಿ, ಕಂದು ನಾಳಗಳಿಲ್ಲ. ಪಕ್ಕದಲ್ಲಿದ್ದ ಕಿರಿಯ ವೈದ್ಯೆಗೆ "ಇದು ಹೈಪರ್‌ಪ್ಲಾಸ್ಟಿಕ್, ಅನುಮಾನವೇ ಬೇಡ" ಅಂದೆ. "ಸಾರ್, ಮೇಲೆ ಲೋಳೆ ಅಂಟಿಕೊಂಡಿದೆ, ತೊಳೆದು ನೋಡೋಣವಾ?" ಎಂದು ಅವರು ಕೇಳಿದರು. ತೊಳೆದ ಮೇಲೂ ನನ್ನ ಮಾತಿಗೇ ಅಂಟಿಕೊಂಡೆ. ತೆಗೆದು ಕಳಿಸುವ ರೂಢಿ ಇದ್ದದ್ದರಿಂದ ಅದೂ ಲ್ಯಾಬಿಗೆ ಹೋಯಿತು. ಬಂದ ರಿಪೋರ್ಟಿನಲ್ಲಿ ಸೆಸೈಲ್ ಸೆರೇಟೆಡ್ ಲೀಷನ್ ಎಂದಿತ್ತು.

ಇದು ಮೂರನೆಯ ಜಾತಿ. ನೋಟಕ್ಕೆ ಹೈಪರ್‌ಪ್ಲಾಸ್ಟಿಕ್‌ನ ತಮ್ಮನಂತಿರುತ್ತದೆ, ಆದರೆ ಕ್ಯಾನ್ಸರ್ ಕಡೆಗೆ ಬೇರೊಂದು ದಾರಿಯಲ್ಲಿ ನಡೆಯಬಲ್ಲದು. ಅಂಚು ಅಸ್ಪಷ್ಟ, ಮೇಲ್ಮೈ ಮೋಡದಂತೆ, ಗುಳಿಗಳೊಳಗೆ ಕಪ್ಪು ಚುಕ್ಕೆ, ಮೇಲೆ ಲೋಳೆಯ ಮುಚ್ಚಳ ಇವು ಅದರ ಸುಳಿವುಗಳು. ಇದಕ್ಕಾಗಿಯೇ 2016ರಲ್ಲಿ ನೆದರ್ಲೆಂಡ್ಸಿನ ತಂಡವೊಂದು ವಾಸ್ಪ್ ಎಂಬ ವರ್ಗೀಕರಣ ಮಾಡಿತು. ಆ ದಿನ ಲೋಳೆಯನ್ನು ಕಂಡದ್ದು ಕಿರಿಯ ಕಣ್ಣು. ನನಗೆ ಕಾಣದಂತೆ ಮಾಡಿದ್ದು ನನ್ನದೇ ಖಚಿತತೆ. ಆ ಕಿರಿಯ ವೈದ್ಯೆಗೆ ನಾನು ಇಂದಿಗೂ ಋಣಿ.

ಒರೆಗಲ್ಲೂ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. 2 ಮಿಲಿಮೀಟರಿನ ಚೂರು ಹೀರುವ ಕೊಳವೆಯಲ್ಲಿ ಕಳೆದುಹೋಗುತ್ತದೆ, ಕತ್ತರಿಸುವಾಗ ಅಡ್ಡಾದಿಡ್ಡಿಯಾಗುತ್ತದೆ. ಪರದೆಯ ಮೇಲೆ ಸ್ಪಷ್ಟವಾಗಿ ಅಡಿನೋಮಾ ಕಂಡಿದ್ದರೂ 'ಸಾಮಾನ್ಯ ಒಳಪದರ' ಎಂಬ ರಿಪೋರ್ಟ್ ಬರುವುದುಂಟು. ಸೆರೇಟೆಡ್ ಜಾತಿಯ ವಿಷಯದಲ್ಲಿ ಪೆಥಾಲಜಿಸ್ಟರ ನಡುವೆಯೇ ಭಿನ್ನಾಭಿಪ್ರಾಯ ಇರುತ್ತದೆ. ಅದಕ್ಕೇ ಒಳ್ಳೆಯ ಚಿತ್ರ ತೆಗೆದಿಟ್ಟು, ಪೆಥಾಲಜಿಸ್ಟ್ ಜೊತೆ ಕೂತು ಎರಡನ್ನೂ ಒಟ್ಟಿಗೆ ನೋಡುವುದು ಇಬ್ಬರಿಗೂ ಲಾಭ.

ಯಂತ್ರದ ಕಣ್ಣು

ಈಗ ಕಂಪ್ಯೂಟರ್ ಬಂದಿದೆ. ಪರದೆಯ ಮೇಲೆ ಚೌಕ ಬಿಡಿಸಿ 'ಅಡಿನೋಮಾ' ಎಂದು ಬರೆದು ತೋರಿಸುತ್ತದೆ. ನಮ್ಮ ಕಷ್ಟ ತೀರಿತೇ? 2022ರಲ್ಲಿ ಪ್ರಕಟವಾದ, 1289 ಜನರನ್ನು ಒಳಗೊಂಡ ಅಧ್ಯಯನದ ಅಂಕಿಗಳನ್ನು ಗಮನವಿಟ್ಟು ಕೇಳಿ. ಯಂತ್ರದ ನೆರವಿಲ್ಲದೆ ವೈದ್ಯರು ಸಣ್ಣ ಅಡಿನೋಮಾಗಳಲ್ಲಿ ಶೇ. 88.4ನ್ನು ಗುರುತಿಸಿದರು, ನೆರವಿನಿಂದ ಶೇ. 90.4. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯವಲ್ಲ. ಆದರೆ 'ನನಗೆ ಪೂರ್ತಿ ಖಾತ್ರಿಯಿದೆ' ಎಂದು ಹೇಳಿದ ಪ್ರಮಾಣ ಶೇ. 74.2ರಿಂದ 92.6ಕ್ಕೆ ಏರಿತು. ಕಾಣುವ ಶಕ್ತಿ ಅಷ್ಟಾಗಿ ಹೆಚ್ಚಲಿಲ್ಲ. ಕಂಡೆ ಎಂಬ ಧೈರ್ಯ ಹೆಚ್ಚಿತು.

ಆ ಧೈರ್ಯಕ್ಕೆ ಉಪಯೋಗವಿದೆ, ಏಕೆಂದರೆ ಕಣ್ಣಿನ ನಿರ್ಣಯದ ನಿಯಮವೇ 'ಖಾತ್ರಿ ಇದ್ದಾಗ ಮಾತ್ರ ಹೇಳು, ಇಲ್ಲದಿದ್ದರೆ ಲ್ಯಾಬಿಗೆ ಕಳಿಸು' ಎಂಬುದು. ಹೆಚ್ಚು ಸಲ ಖಾತ್ರಿಯಾದರೆ ಹೆಚ್ಚು ಬಾಟಲಿಗಳು ಉಳಿಯುತ್ತವೆ. ಆದರೆ ಆ ಖಾತ್ರಿ ನನ್ನ ಕಣ್ಣಿನಿಂದ ಬಂತೋ, ಚೌಕದೊಳಗಿನ ಅಕ್ಷರದಿಂದ ಬಂತೋ ಎಂಬುದನ್ನು ಪ್ರತಿ ಸಲವೂ ಕೇಳಿಕೊಳ್ಳಬೇಕು. ನನ್ನ ಚಪ್ಪಟೆ ಪಾಲಿಪಿನ ಮುಂದೆ ನನಗೆ ಖಾತ್ರಿಯ ಕೊರತೆ ಇರಲಿಲ್ಲ.

ನಮ್ಮಲ್ಲಿ ಏನು ಮಾಡಬಹುದು

ಜಗತ್ತಿನಲ್ಲಿ 2022ರಲ್ಲಿ ಸುಮಾರು 19 ಲಕ್ಷ ಜನರಿಗೆ ಹೊಸದಾಗಿ ಕರುಳಿನ ಕ್ಯಾನ್ಸರ್ ಬಂತು, ಸುಮಾರು 9 ಲಕ್ಷ ಜನ ತೀರಿಕೊಂಡರು. ಭಾರತದ ಅಂದಾಜು 70 ಸಾವಿರ ಹೊಸ ರೋಗಿಗಳು. ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಇದು ಪಶ್ಚಿಮದ ದೇಶಗಳಿಗಿಂತ ಕಡಿಮೆ. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿವೆ, ಕರುಳಿನದು ಇಲ್ಲ. ನಮ್ಮಲ್ಲಿಗೆ ಬರುವವರು ರಕ್ತ ಕಂಡೋ ತೂಕ ಇಳಿದೋ ಬಂದವರು. ಹಾಗಾಗಿ ವಿದೇಶದ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ತಂದು ಹಾಕಿ 'ಲ್ಯಾಬ್ ಬೇಡ' ಎಂದು ಹೇಳಲು ನಾನು ಒಪ್ಪುವುದಿಲ್ಲ. ಕರುಳಿನ ಉರಿಯೂತದ ದೀರ್ಘ ಕಾಯಿಲೆ ಇರುವವರು, ಮನೆತನದಲ್ಲಿ ಈ ಕ್ಯಾನ್ಸರ್ ಹರಿದುಬಂದವರು, ನೂರಾರು ಪಾಲಿಪ್ ಇರುವವರು ಯಾವ ದೇಶದಲ್ಲೂ ಈ ರಿಯಾಯಿತಿಗೆ ಒಳಪಡುವುದಿಲ್ಲ.

ಆದರೆ ಕಣ್ಣನ್ನು ಪಳಗಿಸಲು ಯಾರ ಅಪ್ಪಣೆಯೂ ಬೇಡ. ನಮ್ಮ ವಿಭಾಗದಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಸಣ್ಣ ಪಾಲಿಪ್ ಕಂಡ ಕೂಡಲೇ, ತೆಗೆಯುವ ಮುಂಚೆ, ಗಾತ್ರ, ಜಾಗ, ನಮ್ಮ ಅಂದಾಜು, ಖಾತ್ರಿ ಇದೆಯೋ ಇಲ್ಲವೋ ಎಂದು ಬರೆಯುತ್ತೇವೆ. ರಿಪೋರ್ಟ್ ಬಂದ ಮೇಲೆ ಪಕ್ಕದ ಕಾಲಮ್ಮಿನಲ್ಲಿ ಅದನ್ನು ಬರೆಯುತ್ತೇವೆ. ತಿಂಗಳ ಕೊನೆಗೆ ಹಿರಿಯರು ಕಿರಿಯರು ಎನ್ನದೆ ಎಲ್ಲರ ಹೆಸರಿನ ಮುಂದೆ ಲೆಕ್ಕ ಹಾಕುತ್ತೇವೆ. ಮೊದಲ ತಿಂಗಳು ಮುಜುಗರವಾಯಿತು. ಆಮೇಲೆ ಬಿಳಿ ಬೆಳಕಿನಿಂದ ನೀಲಿಗೆ ಹೋಗುವ ಮೊದಲು ಪಾಲಿಪನ್ನು ತೊಳೆಯುವುದು ಎಲ್ಲರಿಗೂ ಅಭ್ಯಾಸವಾಯಿತು. ಕರ್ನಾಟಕದ ಪ್ರತಿ ಎಂಡೋಸ್ಕೋಪಿ ಕೋಣೆಯಲ್ಲಿ ಇಂಥದೊಂದು ನೋಟ್‌ಬುಕ್ ಇರಬೇಕೆಂಬುದು ನನ್ನ ಬಯಕೆ. ಲ್ಯಾಬನ್ನು ಬಿಡುವ ಹಕ್ಕು ಯಾರಿಗಾದರೂ ಬರುವುದಾದರೆ ಆ ಎರಡು ಕಾಲಮ್ಮುಗಳು ಹೊಂದಿದ ಮೇಲೆ ಬರಬೇಕು.

ವೈದ್ಯರಲ್ಲದವರಿಗೆ ಒಂದು ವಿನಂತಿ. ಮಲದಲ್ಲಿ ರಕ್ತ ಕಂಡರೆ ಪೈಲ್ಸ್ ಇರಬೇಕು ಎಂದು ನಿಮಗೆ ನೀವೇ ಹೇಳಿಕೊಳ್ಳಬೇಡಿ, ತೋರಿಸಿ. ಪಾಲಿಪ್ ತೆಗೆಸಿಕೊಂಡಿದ್ದರೆ ಅದರ ಜಾತಿ ಯಾವುದು, ಮುಂದಿನ ಪರೀಕ್ಷೆ ಯಾವಾಗ ಎಂದು ಕೇಳಿ ಬರೆಸಿಕೊಳ್ಳಿ. ಕೇಳಿದರೆ ಡಾಕ್ಟರು ಬೇಸರ ಮಾಡಿಕೊಳ್ಳುತ್ತಾರೆಂಬ ಸಂಕೋಚ ಬೇಡ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. "ಈಗಲೇ ಹೇಳಬಾರದಾ?" ಎಂದು ಕೇಳಿದ ಆ ರೋಗಿಗೆ ಅಂದು ನಾನು ಹಾರಿಕೆಯ ಉತ್ತರ ಕೊಟ್ಟಿದ್ದೆ. ಇಂದು ಅವರು ಬಂದರೆ ನೋಟ್‌ಬುಕ್ ತೆರೆದು ತೋರಿಸುತ್ತೇನೆ: "ಇಂಥ ಪಾಲಿಪ್ ಬಗ್ಗೆ ನನಗೆ ಖಾತ್ರಿಯಿದೆ ಅಂದಾಗ ಇಷ್ಟು ಸಲ ಸರಿಯಾಗಿದೆ, ಇಷ್ಟು ಸಲ ತಪ್ಪಿದೆ. ನಿಮ್ಮದು ತೊಂದರೆ ಕೊಡುವಂಥದ್ದಲ್ಲ ಅಂತ ಕಾಣುತ್ತೆ. ಆದರೂ ಕಳಿಸಿದ್ದೀನಿ, ರಿಪೋರ್ಟನ್ನು ಫೋನಿನಲ್ಲೇ ತಿಳಿಸ್ತೀನಿ, ನೀವು ಅದಕ್ಕಾಗಿ ಮತ್ತೆ ಬರಬೇಕಾಗಿಲ್ಲ." ಅವರು ಆ ರಾತ್ರಿ ಸ್ವಲ್ಪ ನಿದ್ದೆ ಮಾಡಿಯಾರು.